ಅಮ್ಮ ಶಿಶುವಿಹಾರಕ್ಕೆ ಹೋದ ದಿನಗಳು

ಗಿರಾಕಿ ಬಾಯಿ ಬಿಡುವ ಮೊದಲೇ ಲೋಟ ಅವನ ಮುಂದಿರಬೇಕು. ನಮ್ಮಮ್ಮ ಜೀವಮಾನವಿಡೀ ಕಲಿತ ವಿದ್ಯೆ ಇಷ್ಟೇ, ಅದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೌಂಟರಿನ ಹಿಂದೆ ನಿಂತು ನಿಂತು ಅವಳ ಕಾಲುಗಳು ಬಾತುಹೋಗಿದ್ದವು. ಆದರೆ ಯಾವ ಕೆಲಸಗಾರನೂ ಅವಳೆದುರು ನಿಂತು ‘ಒಂದು ಚಹಾ’ ಎಂದು ಹೇಳಬೇಕಾಗಿ ಬಂದದ್ದಿಲ್ಲ. ಗೇಟು ದಾಟಿ ಬರುವವನ ನಡಿಗೆ ನೋಡಿಯೇ, ಇವನಿಗೆ ಗಟ್ಟಿ ಚಹಾ, ಇವನಿಗೆ ಹಾಲು ಜಾಸ್ತಿ, ಇವನು ಮನೆಯಲ್ಲಿ ಜಗಳಾಡಿ ಹಸಿದುಕೊಂಡು ಬಂದಿದ್ದಾನೆ, ಒಂದು ಬನ್ನು ಜೊತೆಗಿರಲಿ ಎಂದು ತೀರ್ಮಾನಿಸಿಬಿಡುತ್ತಿದ್ದಳು. ಅವಳ ಅಂದಾಜು ತಪ್ಪಿದ್ದನ್ನು ನಾನಂತೂ ಕೇಳಿಲ್ಲ.

ಕ್ಯಾಂಟೀನು ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ವಿದ್ಯೆಯೆಲ್ಲ ನಮ್ಮ ಮೇಲೆ ಬಿತ್ತು. ನಾನು ಬೇಕರಿಯಲ್ಲಿ ಕೆಲಸಕ್ಕಿದ್ದೆ. ಬೆಳಗಿನ ಬ್ರೆಡ್ಡೆಲ್ಲ ಒಲೆಯಿಂದ ಇಳಿಸಿ, ಟ್ರೇ ತೊಳೆದು, ಮೈತುಂಬ ಹಿಟ್ಟು ಮೆತ್ತಿಕೊಂಡು ಮಧ್ಯಾಹ್ನ ಮನೆಗೆ ಬಂದರೆ, ಚಪ್ಪಲಿ ಬಿಡುವುದರೊಳಗೆ ಬಿಸಿನೀರಿನ ಬಕೆಟ್ಟು, ಟವೆಲ್ಲು, ತಟ್ಟೆ, ಅನ್ನ. ನನ್ನ ಹೆಂಡತಿಗೆ ತಲೆನೋವು ಬಂದರೆ ಅವಳಿಗೆ ಗೊತ್ತಾಗುವ ಮೊದಲೇ ಅಮ್ಮನ ಕೈಯಲ್ಲಿ ಮಾತ್ರೆ. ಎಲ್ಲರದೂ ಆದ ಮೇಲೆ ಅಮ್ಮ ಒಲೆಯ ಪಕ್ಕದಲ್ಲಿ ನಿಂತು, ಪಾತ್ರೆಯ ತಳದಲ್ಲಿ ಉಳಿದ ಚಹಾವನ್ನು ಸಕ್ಕರೆ ಇಲ್ಲದೆ ಕುಡಿಯುತ್ತಿದ್ದಳು. ಸಿಹಿ ಅವಳಿಗೆ ಆಗದು ಎಂದು ನಾವೆಲ್ಲ ತಿಳಿದಿದ್ದೆವು.

ಹೆಚ್ಚಿನ ಪಾಲು ಬಿದ್ದದ್ದು ಬುಗುರಿಯ ಮೇಲೆ. ಬುಗುರಿ ಎಂದರೆ ನನ್ನ ಮಗಳು. ಅಜ್ಜಿಯ ಕಾಲ ಸುತ್ತಲೇ ಗಿರಗಿರ ತಿರುಗುತ್ತಿದ್ದರಿಂದ ನಾನೇ ಇಟ್ಟ ಹೆಸರು. ನಾಲ್ಕು ತುಂಬುತ್ತಾ ಬಂದಿತ್ತು. ಕಣ್ಣು ನೀರಿನ ಹೂಜಿಯ ಕಡೆ ಹೋದರೆ ನೀರು ಬರುತ್ತಿತ್ತು, ಕಪಾಟಿನ ಕಡೆ ಹೋದರೆ ಬಿಸ್ಕತ್ತು. ಕಾಲು ಒಂದಕ್ಕೊಂದು ತಾಗಿಸಿದರೆ ಅಜ್ಜಿ ಎತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಹುಡುಗಿ ಮೂಗಿಯಲ್ಲ. ಬೆಕ್ಕು ಗೋಡೆ ಹತ್ತಿದ್ದು, ಪಕ್ಕದ ಮನೆಯವನ ಸೈಕಲ್ಲು ಪಂಕ್ಚರಾದದ್ದು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಆದರೆ ‘ಬೇಕು’ ಎಂಬ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಅದನ್ನು ನಮ್ಮಲ್ಲಿ ಯಾರೂ ಗಮನಿಸಿರಲೂ ಇಲ್ಲ. ಬೇಕಾದ್ದೆಲ್ಲ ಸಿಗುತ್ತಿದ್ದ ಮನೆಯಲ್ಲಿ ಯಾಕೆ ಗಮನಿಸುತ್ತೇವೆ?

ಈಗ ಬುಗುರಿ ನನಗಿಂತ ಒಂದು ಗೇಣು ಎತ್ತರ. ಅಮ್ಮ ಇಲ್ಲ. ನಮ್ಮ ಓಣಿಯ ಕೊನೆಯಲ್ಲಿದ್ದ ಶಿಶುವಿಹಾರಕ್ಕೆ ಹೊಸ ಬಣ್ಣ ಬಂದಿದೆ, ಹಳೆಯ ಕೆಂಪು ಬಾಗಿಲಿಲ್ಲ. ನಾನು ಆ ದಾರಿಯಲ್ಲಿ ಹೋಗುವಾಗ ಈಗಲೂ ಸ್ವಲ್ಪ ನಿಧಾನ ಮಾಡುತ್ತೇನೆ. ಒಳಗಿಂದ ಮಕ್ಕಳ ಗಲಾಟೆ ಕೇಳಿಸುತ್ತದೆ. ಬುಗುರಿ ಅಲ್ಲಿಗೆ ಸೇರಿದ ವರ್ಷದ್ದೇ ಗಲಾಟೆ ಅನ್ನಿಸುತ್ತದೆ.

ಆ ವರ್ಷ ನನ್ನ ಹೆಂಡತಿಗೆ ಶಿಶುವಿಹಾರದಲ್ಲಿ ತರಬೇತಿಗೆ ಸೀಟು ಸಿಕ್ಕಿತು. ಅದಕ್ಕೂ ಮೊದಲು ಅವಳು ಹೊಲಿಗೆ ಅಂಗಡಿಯಲ್ಲಿ ಕೂತು ಅಂಗಿಗೆ ಕಾಜಾ ಹಾಕುತ್ತಿದ್ದಳು. ಟೀಚರ್ ಆಗಬೇಕೆಂಬುದು ಮದುವೆಗೂ ಹಿಂದಿನ ಆಸೆ. ಸೀಟು ಸಿಕ್ಕ ದಿನ ಅವಳು ನಕ್ಕ ನಗುವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಬುಗುರಿಯನ್ನೂ ಅಲ್ಲಿಯೇ ಚಿಕ್ಕವರ ಕೋಣೆಗೆ ಸೇರಿಸಿದೆವು. ಹೆಂಡತಿಗೆ ದೊಡ್ಡ ಮಕ್ಕಳ ಕೋಣೆ. ಸ್ವಂತ ಮಗುವಿರುವ ಕೋಣೆಗೆ ತರಬೇತಿಯವರು ಕಾಲಿಡಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು.

ಮೊದಲ ತಿಂಗಳು ಅವಳಿಗೆ ಪಾಠ ಮಾಡುವ ಕೆಲಸವೇ ಇರಲಿಲ್ಲ. ಮೂಲೆಯಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು ಮಕ್ಕಳನ್ನು ನೋಡುವುದು. ಬರೀ ನೋಡುವುದು.

“ಇದಕ್ಕೊಂದು ತರಬೇತೀನಾ?” ಎಂದಳು ಅಮ್ಮ, ಆಲೂಗಡ್ಡೆ ಹೆಚ್ಚುತ್ತಾ. “ಮಕ್ಕಳನ್ನ ನೋಡೋಕೆ ಕಣ್ಣಿದ್ರೆ ಸಾಲ್ದಾ?”

“ಸಾಲಲ್ಲ ಅತ್ತೆ. ನಾವು ನೋಡೋದೇ ಇಲ್ಲ. ನೋಡೋಕೆ ಮುಂಚೆ ಕೈ ಹಾಕಿಬಿಡ್ತೀವಿ.”

“ಕೈ ಹಾಕ್ದೆ ಇದ್ರೆ ನಿನ್ನ ಗಂಡ ಇಷ್ಟು ದೊಡ್ಡೋನಾಗ್ತಿದ್ನಾ?”

“ಅದಕ್ಕೇ ಇವರಿಗೆ ಇವತ್ತಿಗೂ ಕಾಲುಚೀಲ ಎಲ್ಲಿದೆ ಗೊತ್ತಿಲ್ಲ.”

ನಾನು ಏನೂ ಕೇಳಿಸದವನಂತೆ ಅನ್ನ ಕಲಸಿದೆ. ಕಾಲುಚೀಲ ಎಲ್ಲಿದೆ ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ಕಲಿತದ್ದನ್ನು ಹೆಂಡತಿ ಮನೆಯಲ್ಲಿ ಪ್ರಯೋಗ ಮಾಡಲು ಹೊರಟಳು. ಒಂದು ಭಾನುವಾರ ಬುಗುರಿಯ ಮುಂದೆ ಹಾಲಿನ ಚಿಕ್ಕ ಜಗ್ಗು ಇಟ್ಟು, “ನೀನೇ ಬಗ್ಗಿಸ್ಕೊ” ಎಂದಳು. ಬುಗುರಿ ಜಗ್ಗನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ಎದ್ದೇಬಿಟ್ಟಳು.

“ಅತ್ತೆ, ಕೂತ್ಕೊಳ್ಳಿ.”

“ಮಗು ಹಸ್ಕೊಂಡಿದೆ.”

“ಹಸಿದ್ರೆ ಬಗ್ಗಿಸ್ಕೋತಾಳೆ.”

ಬುಗುರಿ ಎರಡೂ ಕೈಯಲ್ಲಿ ಜಗ್ಗು ಎತ್ತಿದಳು. ಹಾಲು ಲೋಟ ಬಿಟ್ಟು ಮೇಜಿನ ಮೇಲೆ ಹೋಯಿತು, ಮೇಜಿನಿಂದ ನನ್ನ ಪ್ಯಾಂಟಿನ ಮೇಲೆ. ಹೆಂಡತಿ ಅಲ್ಲಾಡದೆ ಕೂತಿದ್ದಳು. ಅಮ್ಮನಿಗೆ ತಡೆಯಲಿಲ್ಲ.

“ಅಯ್ಯೋ ಪುಣ್ಯಾತ್ಗಿತ್ತಿ, ಎತ್ತಿ ಹಿಡಿಯೇ ಅದನ್ನ! ಹೆತ್ತ ತಾಯಿ ಹಿಂಗೆ ಸಿನಿಮಾ ನೋಡ್ದಂಗೆ ನೋಡ್ತಾಳಾ?”

“ಇನ್ನೊಂದು ಸಲ ಮಾಡಿದ್ರೆ ಬರ್ತಿತ್ತು ಅತ್ತೆ. ನೀವು ಬಿಡ್ಲಿಲ್ಲ.”

“ಇನ್ನೊಂದು ಸಲಕ್ಕೆ ಹಾಲು ನಿಮ್ಮ ಶಾಲೆಯೋರು ಕೊಡ್ತಾರಾ?”

ನಾನು ಪ್ಯಾಂಟು ಒದ್ದೆಯಾದ ಸಿಟ್ಟಿನಲ್ಲಿ ಇಬ್ಬರ ಮೇಲೂ ಕೂಗಾಡಿದೆ. ಬುಗುರಿ ಮಾತ್ರ ಮೇಜಿನ ಮೇಲಿನ ಹಾಲಿನಲ್ಲಿ ಬೆರಳಿಟ್ಟು ಗೆರೆ ಎಳೆಯುತ್ತಿದ್ದಳು. ಆ ಗೆರೆ ಮೇಜಿನ ಅಂಚಿಗೆ ಬಂದು ತೊಟ್ಟಿಕ್ಕುವುದನ್ನು ಬಗ್ಗಿ ನೋಡಿದಳು.

ನಿಜವಾದ ತೊಂದರೆ ಆಮೇಲೆ ಬಂತು. ಬುಗುರಿ ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಒಂದು ವಾರ ಅಳು ಇರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಅಳುತ್ತಿರಲೂ ಇಲ್ಲ. ಸುಮ್ಮನೆ ನಿಲ್ಲುತ್ತಿದ್ದಳು. ನೀರು ಕುಡಿಯುತ್ತಿರಲಿಲ್ಲ, ಬಚ್ಚಲಿಗೆ ಹೋಗುತ್ತಿರಲಿಲ್ಲ, ಬಟ್ಟೆ ಒದ್ದೆ ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಒಂದು ದಿನ ಬಾಯಿ ಒಣಗಿ ತುಟಿ ಬಿರಿದಿತ್ತು. ಅಮ್ಮ ಅದನ್ನು ನೋಡಿ ಅತ್ತೇಬಿಟ್ಟಳು.

ಹಿರಿಯ ಟೀಚರ್ ನನ್ನನ್ನು ಕರೆಸಿದರು. ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಅದನ್ನು ಮೇಜಿನ ತುಂಬ ಹುಡುಕುವ ಹೆಂಗಸು. ಆದರೆ ಮಾತು ಖಡಕ್ಕು.

“ಮಗುಗೆ ಬುದ್ಧಿ ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ಆದ್ರೆ ಬೇಕಾದ್ದನ್ನ ಕೇಳ್ತಾ ಇಲ್ಲ. ಇದು ಹೀಗೇ ಇದ್ರೆ, ಈ ಅವಧಿ ಮುಗಿದ ಮೇಲೆ ಒಂದು ವರ್ಷ ಮನೇಲೇ ಇಟ್ಕೊಳ್ಳಿ. ನೀರು ಕುಡೀದ ಮಗೂನ ಇಟ್ಕೊಳ್ಳೋಕೆ ನಂಗೆ ಧೈರ್ಯ ಇಲ್ಲ.”

ಆ ಸಂಜೆ ಊಟದ ಮೇಜು ರಣರಂಗವಾಯಿತು.

“ಒಳ್ಳೇದೇ ಆಯ್ತು,” ಎಂದಳು ಅಮ್ಮ. “ಮನೇಲಿ ಇರ್ಲಿ. ನಾನಿದೀನಲ್ಲ.”

“ನೀವಿರೋದಕ್ಕೇ ಹಿಂಗಾಗಿದ್ದು,” ಎಂದಳು ಹೆಂಡತಿ.

ತಟ್ಟೆಗಳ ಸದ್ದು ನಿಂತಿತು. ಅವಳಿಗೂ ಗೊತ್ತಾಯಿತು, ಮಾತು ದಾರಿ ತಪ್ಪಿತೆಂದು. ಆದರೆ ನಿಲ್ಲಿಸಲಿಲ್ಲ.

“ಮಗು ಒಂದು ವರ್ಷ ಮನೇಲಿ ಕೂತ್ರೆ ನಾನು ತರಬೇತಿ ಬಿಡ್ತೀನಿ. ನಾನೇ ನೋಡ್ಕೋತೀನಿ. ನಿಮ್ಮ ಕೈಗೆ ಕೊಡಲ್ಲ.”

“ಕೊಡ್ಬೇಡ. ನಾನು ತಂಗಿ ಮನೆಗೆ ಹೋಗ್ತೀನಿ. ನನ್ನ ಕೈ ವಿಷ ಅಲ್ವಾ? ಅಲ್ಲಾದ್ರೂ ತಿನ್ನೋರಿದಾರೆ.”

“ಅಮ್ಮ, ನೀನು ಎಲ್ಲಿಗೂ ಹೋಗಲ್ಲ,” ಎಂದೆ.

“ನೀನು ಸುಮ್ನಿರೋ. ಇಷ್ಟು ಹೊತ್ತು ಅನ್ನ ಕಲಸ್ತಿದ್ದೆ, ಈಗ್ಲೂ ಅದನ್ನೇ ಕಲಸು.”

ಲೋಟ ಕುಕ್ಕಿ ಎದ್ದೆ. ಬೇಕರಿಯಲ್ಲಿ ಹಿಟ್ಟು ಉಬ್ಬದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು. ಇಲ್ಲಿ ಗೊತ್ತಿರಲಿಲ್ಲ. ಹುಡುಗಿ ಶಾಲೆಯಲ್ಲಿ ಬಾಯಿ ಬಿಟ್ಟರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಒಬ್ಬಳು ತನ್ನ ಆಸೆ ಬಿಡುತ್ತಾಳೆ, ಇನ್ನೊಬ್ಬಳು ಮನೆಯನ್ನೇ ಬಿಡುತ್ತಾಳೆ. ಇಬ್ಬರೂ ಹೇಳಿದಂತೆ ಮಾಡುವ ಪೈಕಿ.

ಟೀಚರೇ ಒಂದು ದಾರಿ ಹೇಳಿಕಳಿಸಿದರು. ಮನೆಯವರೊಬ್ಬರು, ತಾಯಿ ಬಿಟ್ಟು, ದಿನಾ ಬೆಳಿಗ್ಗೆ ಬಂದು ಆ ಕೋಣೆಯ ಮೂಲೆಯಲ್ಲಿ ಕೂತು ಮಗುವನ್ನು ನೋಡಲಿ. ಏನೂ ಮಾಡಬಾರದು, ಮಾತಾಡಬಾರದು. ಮನೆಯವರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದರಂತೆ. ಬೆಳಿಗ್ಗೆ ನನಗೆ ಒಲೆ ಬಿಟ್ಟು ಬರಲಾಗದು. ಉಳಿದವಳು ಅಮ್ಮ.

“ಹೋಗ್ತೀನಿ,” ಎಂದಳು. “ನನ್ನ ಮೊಮ್ಮಗಳಿಗೆ ಏನು ಹಿಂಸೆ ಕೊಡ್ತಾರೆ, ನೋಡೇಬಿಡ್ತೀನಿ.”

ಹೆಂಡತಿ ನನ್ನ ಮುಖ ನೋಡಿದಳು. ಆ ನೋಟದ ಅರ್ಥ, ಶಾಲೆಯ ಕಥೆ ಮುಗಿಯಿತು ಎಂದು.

ಮೊದಲ ದಿನವೇ ಅದು ಮುಗಿಯುವುದರಲ್ಲಿತ್ತು. ಅಮ್ಮ ಸ್ಟೂಲಿನ ಮೇಲೆ ಕೂತದ್ದು ಸ್ವಲ್ಪ ಹೊತ್ತು. ಆಮೇಲೆ ಕೈಗೆ ಸಿಕ್ಕ ಮಕ್ಕಳ ಮೂಗೆಲ್ಲ ಒರೆಸಿದಳು. ಒಬ್ಬನ ಷೂ ದಾರ ಕಟ್ಟಿದಳು. ತಿಂಡಿ ಹೊತ್ತಿಗೆ ಎಲ್ಲರ ಬಾಳೆಹಣ್ಣನ್ನೂ ಸುಲಿದು ಸಾಲಾಗಿ ಇಟ್ಟಳು. ಸುಲಿಯಲು ಕಲಿಯಲಿ ಎಂದೇ ಟೀಚರ್ ತಂದಿಟ್ಟ ಹಣ್ಣುಗಳು ಅವು.

“ಟೀಚರ್ ಏನಂದ್ರು?” ಎಂದು ಮಧ್ಯಾಹ್ನ ಕೇಳಿದೆ.

“ಏನಂತಾರೆ? ‘ಅಜ್ಜಿ, ನಿಮ್ಮ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ, ಅವು ಹೇಳಿದ ಮಾತು ಕೇಳ್ತಿಲ್ಲ’ ಅಂದ್ರು. ನಂಗೆ! ಒಂದೇ ಹೊತ್ತಿಗೆ ಇಡೀ ಪಾಳಿಗೆ ಚಹಾ ಕೊಟ್ಟ ಕೈ ಕಣೋ ಇದು.”

“ಇಟ್ಕೊಂಡ್ಯಾ?”

“ಇಟ್ಕೊಂಡೆ. ಜೋಮು ಹಿಡೀತು.”

ಆಮೇಲಿನ ವಾರಗಳ ಮಧ್ಯಾಹ್ನದ ಊಟ ನನಗೆ ಈಗಲೂ ನೆನಪಾಗುತ್ತದೆ. ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಬರುತ್ತಿತ್ತು. ಬುಗುರಿ ಉಂಡು ಮಲಗಿರುತ್ತಿದ್ದಳು. ಬೇಕರಿಯಿಂದ ನಾನು ತಂದ ಮುರುಕು ಬ್ರೆಡ್ಡು, ಬೇಯಿಸಿದ ಬಟಾಣಿ, ಮೊಟ್ಟೆ. ಅಮ್ಮ ಬಡಿಸುತ್ತಾ ಬಡಿಸುತ್ತಾ ಶಾಲೆಯ ಸುದ್ದಿ ಹೇಳುತ್ತಿದ್ದಳು. ಮಕ್ಕಳಿಗೆ ಅವಳೇ ಹೆಸರಿಟ್ಟಿದ್ದಳು. ಕಚ್ಚುವವನು ಇಲಿಮರಿ. ಕುರ್ಚಿಗಳನ್ನು ಜೋಡಿಸಿ ಕೋಣೆ ತುಂಬ ನೂಕಿಕೊಂಡು ಹೋಗುವ ಹುಡುಗಿ ಲಾರಿ. ಹಾಲು ಕುಡಿದ ಮೀಸೆ ಒರೆಸಿಕೊಳ್ಳದವನು ಮಾವ.

“ಆ ಇಲಿಮರಿ ಮಹಾ ದುಷ್ಟ,” ಎಂದಳು ಒಂದು ದಿನ.

“ಅತ್ತೆ, ದುಷ್ಟ ಅನ್ಬಾರ್ದು,” ಎಂದಳು ಹೆಂಡತಿ. ಜಗಳವಾದ ಮೇಲೆ ಅವರಿಬ್ಬರೂ ನೇರ ಮಾತಾಡಿದ್ದು ಅದೇ ಮೊದಲು. “ನೋಡಿದ್ದನ್ನ ಮಾತ್ರ ಹೇಳ್ಬೇಕು. ಏನು ಮಾಡ್ದ?”

“ಕಚ್ಚಿದ.”

“ಯಾವಾಗ?”

ಅಮ್ಮ ಚಮಚ ಹಿಡಿದು ಯೋಚಿಸಿದಳು. “ಮರದ ತುಂಡು ಜೋಡಿಸ್ತಿದ್ದ. ಇನ್ನೊಬ್ಬ ಹಿಂದಿನಿಂದ ಬಂದು ಬಗ್ಗಿದ. ಆಗ.”

“ನಿನ್ನೆ?”

“ನಿನ್ನೆನೂ ಹಿಂದಿನಿಂದ ಬಂದವನನ್ನೇ… ಅಲ್ವೇ, ಎದುರಿಗೆ ಬಂದೋರಿಗೆ ಏನೂ ಮಾಡಲ್ಲ ಆ ಹುಡುಗ! ಕಟ್ಟಿದ್ದು ಬೀಳಿಸ್ತಾರೆ ಅಂತ ಹೆದರ್ತಾನೆ.”

“ಹಾಗಾದ್ರೆ ದುಷ್ಟ ಅಲ್ಲ.”

“ಅಲ್ಲ ಬಿಡು. ಪಾಪ, ಅವನದೂ ಒಂದು ಮನೆ.”

ಇದಾದ ಮೇಲೆ ಮನೆಯಲ್ಲಿ ಯಾರಿಗೂ ಯಾರನ್ನೂ ಬೈಯುವ ಸ್ವಾತಂತ್ರ್ಯ ಉಳಿಯಲಿಲ್ಲ. ನಾನು ಮಾಲೀಕನನ್ನು ಕತ್ತೆ ಎಂದರೆ, “ನೋಡಿದ್ದು ಹೇಳೋ, ಏನು ಮಾಡ್ದ?” ಎಂದು ಅಮ್ಮ ಕೇಳುತ್ತಿದ್ದಳು. “ನಿಮ್ಮ ಮಗ ಸಿಡುಕ” ಎನ್ನಲು ಹೋದ ಹೆಂಡತಿ ತಡೆದು, “ನಿಮ್ಮ ಮಗ ಬಾಗಿಲನ್ನ ಕಾಲಲ್ಲಿ ಮುಚ್ಚಿದ್ರು” ಎನ್ನುತ್ತಿದ್ದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಉರಿಯುತ್ತಿತ್ತು, ಆದರೂ ಹಾಯೆನಿಸುತ್ತಿತ್ತು.

ಅಮ್ಮನಿಗೆ ಶಾಲೆಯ ಹುಚ್ಚು ಹಿಡಿಯಿತು. ಲಾರಿ ಮತ್ತು ಮಾವ ಒಂದೇ ಮರಳಿನ ತೊಟ್ಟಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ತಮ್ಮ ತಮ್ಮ ಗುಂಡಿ ತೋಡುತ್ತಾರಂತೆ, ಮಾತಿಲ್ಲ ಕತೆಯಿಲ್ಲ. ಆದರೆ ಒಬ್ಬರು ಎದ್ದರೆ ಇನ್ನೊಬ್ಬರಿಗೂ ಆಟ ಬೇಡವಂತೆ. ಒಂದು ಹುಡುಗಿ ಒಂದೇ ಬಾಟಲಿಗೆ ನೀರು ತುಂಬುವುದು, ಚೆಲ್ಲುವುದು, ತುಂಬುವುದು, ಬೆಳಗೆಲ್ಲ ಅಷ್ಟೇ.

“ಮೊದಲ ದಿನ ನೋಡಿ, ಇದಕ್ಕೇನು ಮರುಳೇ ಅಂದ್ಕೊಂಡೆ. ಇವತ್ತು ನೋಡಿದ್ರೆ, ಬಾಟ್ಲಿ ಕತ್ತಿನವರೆಗೂ ಬಂದಾಗ ನಿಲ್ಸೋದು ಕಲ್ತಿದಾಳೆ ಕಣೇ! ಒಂದು ಹನಿ ಚೆಲ್ಲಲಿಲ್ಲ. ನಂಗೆ ಚಪ್ಪಾಳೆ ತಟ್ಟೋಣ ಅನ್ನಿಸ್ತು. ಕೈ ಕೆಳಗಿತ್ತಲ್ಲ, ತಟ್ಲಿಲ್ಲ.”

“ಬುಗುರಿ?” ಎಂದೆ.

ಅಮ್ಮನ ಮುಖ ಬಾಡಿತು. “ನಿಂತಿರ್ತಾಳೆ.”

ಅವಧಿ ಮುಗಿಯುವ ದಿನ ಹತ್ತಿರ ಬಂತು. ಹೆಂಡತಿ ತರಬೇತಿಯ ವಿಷಯ ಮಾತಾಡುವುದನ್ನೇ ಬಿಟ್ಟಳು. ಹಳೆಯ ಹೊಲಿಗೆ ಅಂಗಡಿಯವಳನ್ನು ದಾರಿಯಲ್ಲಿ ಸಿಕ್ಕಾಗ ಮಾತಾಡಿಸಿ ಬಂದಿದ್ದಳೆಂದು ನನಗೆ ಬೇರೆಯವರಿಂದ ತಿಳಿಯಿತು.

ಒಂದು ಮಧ್ಯಾಹ್ನ ಅಮ್ಮ ಬಡಿಸಲಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ನಾನು ಹೆದರಿದೆ.

“ಹುಷಾರಿಲ್ವಾ ಅಮ್ಮ?”

“ಅವಳು ಸುಮ್ನೆ ನಿಲ್ಲೋದಲ್ಲ ಕಣೋ. ಕಾಯ್ತಾಳೆ.”

“ಅಂದ್ರೆ?”

“ನೀರಿನ ಜಗ್ಗು ಪಕ್ಕದಲ್ಲಿ ನಿಲ್ತಾಳೆ. ಜಗ್ಗು ನೋಡ್ತಾಳೆ. ಆಮೇಲೆ ಟೀಚರ್ ಮುಖ ನೋಡ್ತಾಳೆ. ಮತ್ತೆ ಜಗ್ಗು, ಮತ್ತೆ ಮುಖ. ಟೀಚರ್ ಬೇರೆ ಮಗು ಹತ್ರ ಹೋದ್ರೆ, ಅಲ್ಲಿಗೆ ಹೋಗಿ ನಿಲ್ತಾಳೆ. ಕ್ಯಾಂಟೀನ್ ಮುಂದೆ ನಿಂತೋರ ಹಾಗೆ. ಈಗ ಕೊಡ್ತಾರೆ, ಈಗ ಕೊಡ್ತಾರೆ ಅಂತ. ಅವಳಿಗೆ ಹೆದರಿಕೆ ಇಲ್ಲ, ಹಠ ಇಲ್ಲ. ಕೊಡೋರು ಯಾಕೆ ಕೊಡ್ತಿಲ್ಲ ಅಂತ ಆಶ್ಚರ್ಯ ಅಷ್ಟೇ.”

‘ನಾನು ಹೇಳಿರ್ಲಿಲ್ವಾ’ ಎಂದು ಹೆಂಡತಿ ಅನ್ನಬಹುದಿತ್ತು. ನಾನಾಗಿದ್ದರೆ ಖಂಡಿತ ಅನ್ನುತ್ತಿದ್ದೆ. ಅವಳು ಎದ್ದು ಒಂದು ತಟ್ಟೆ ತಂದು ಅಮ್ಮನ ಮುಂದಿಟ್ಟು ಬ್ರೆಡ್ಡು ಹಾಕಿದಳು.

“ಗಿರಾಕಿ ಮಾಡಿಬಿಟ್ಟೆ ನಾನು ಅವಳನ್ನ,” ಎಂದಳು ಅಮ್ಮ.

“ಅತ್ತೆ, ಊಟ ಮಾಡಿ. ಇದನ್ನ ಇಡೀ ಶಾಲೇಲಿ ಬೇರೆ ಯಾರೂ ನೋಡಿರ್ಲಿಲ್ಲ.”

ಅಂದಿನಿಂದ ಅಮ್ಮ ಮನೆಯಲ್ಲೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಲು ಶುರು ಮಾಡಿದಳು. ಅವಳಿಗದು ಜ್ವರ ಬಂದಷ್ಟು ಕಷ್ಟ. ಬುಗುರಿ ಹೂಜಿಯ ಕಡೆ ನೋಡಿದರೆ ಅಮ್ಮ ಗೋಡೆ ನೋಡುತ್ತಿದ್ದಳು. ಹುಡುಗಿ ಬಾಯಿ ಬಿಡಲಿಲ್ಲ. ನನ್ನ ಬಳಿ ಬಂದು ನಿಂತಳು. ಆ ಕಣ್ಣು ನೋಡಿ ತಡೆಯಲಾರದೆ ನೀರು ಕೊಟ್ಟುಬಿಟ್ಟೆ.

“ಥೂ, ಇಷ್ಟು ದಿನದ ಕೆಲಸ ನೀರಲ್ಲಿ ಹಾಕ್ದೆ!” ಎಂದು ಅಮ್ಮ ನನ್ನ ಬೆನ್ನಿಗೆ ಟವೆಲ್ಲಿನಲ್ಲಿ ಹೊಡೆದಳು.

ಅವಧಿಯ ಕೊನೆಯ ವಾರ. ಬೇಕರಿಯ ಒಲೆಯಲ್ಲಿ ಇಟ್ಟಿಗೆ ಬಿರುಕು ಬಿಟ್ಟು ರಿಪೇರಿಗೆ ಬಂತು, ನಮಗೆಲ್ಲ ರಜ. ನಾನು ಅಮ್ಮನ ಜೊತೆ ಶಿಶುವಿಹಾರಕ್ಕೆ ಹೋದೆ. ಒಳಗೆ ಬಿಡಲಿಲ್ಲ. ನನ್ನಂಥ ಒರಟನನ್ನು ಕಂಡರೆ ಇಲಿಮರಿ ಅಳುತ್ತಾನಂತೆ. ಜಗುಲಿಯ ಕಿಟಕಿಯಿಂದ ನೋಡಿದೆ.

ಕೆಳಮಟ್ಟದ ಕಪಾಟುಗಳು. ಮಕ್ಕಳ ಚೀಲ ನೇತುಹಾಕುವ ಗೂಟಗಳ ಮೇಲೆ ಒಂದೊಂದು ಚಿತ್ರ. ನಮ್ಮವಳದು ಕೊಡೆ. ಕಿಟಕಿಯ ಕೆಳಗೆ ಮರಳಿನ ತೊಟ್ಟಿ. ನೀರಿನ ಜಗ್ಗು ಪುಟ್ಟ ಮೇಜಿನ ಮೇಲಿತ್ತು, ಲೋಟಗಳು ಮಾತ್ರ ಟೀಚರ ಕಪಾಟಿನಲ್ಲಿ. ಹೊರಗಿಟ್ಟರೆ ಅವೆಲ್ಲ ಮರಳಿನ ತೊಟ್ಟಿ ಸೇರುತ್ತವೆ ಎಂದು ಹಾಗೆ. ಅಮ್ಮ ಮೂಲೆಯ ಸ್ಟೂಲಿನ ಮೇಲೆ, ಮೊಣಕಾಲು ಗಲ್ಲದವರೆಗೆ ಬಂದು, ಕೈಗಳ ಮೇಲೆ ಕೂತಿದ್ದಳು. ಯಾರೋ ಶಿಕ್ಷೆ ಕೊಟ್ಟು ಕೂರಿಸಿದ ದೊಡ್ಡ ಹುಡುಗಿಯ ಹಾಗೆ ಕಾಣುತ್ತಿದ್ದಳು.

ಹೊರಗೆ ಓಡಿ ಆಡಿ ಬಂದ ಮಕ್ಕಳೆಲ್ಲ ಲೋಟ ಕೇಳಿ ನೀರು ಕುಡಿದರು. ಬುಗುರಿ ಜಗ್ಗಿನ ಪಕ್ಕ ನಿಂತಳು. ಜಗ್ಗು ನೋಡಿದಳು. ಟೀಚರ ಮುಖ ನೋಡಿದಳು. ಟೀಚರ್ ಯಾರದೋ ಅಂಗಿಯ ಮರಳು ಕೊಡವುತ್ತಿದ್ದರು. ಬುಗುರಿಯ ಕೆನ್ನೆ ಕೆಂಪಾಗಿತ್ತು, ಬಾಯಾರಿದ್ದು ನನಗೇ ಕಾಣುತ್ತಿತ್ತು. ನಿಧಾನಕ್ಕೆ ನಡೆದು ಅಜ್ಜಿಯ ಮುಂದೆ ಬಂದು ನಿಂತಳು.

ಅಮ್ಮ ಚಾವಣಿ ನೋಡಿದಳು.

ಬುಗುರಿ ಅಜ್ಜಿಯ ಮೊಣಕಾಲು ಮುಟ್ಟಿದಳು. ಅಮ್ಮನ ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ತೊಡೆಯ ಕೆಳಗಿನ ಕೈಗಳು ಬಿಡಿಸಿಕೊಳ್ಳಲು ಗುದ್ದಾಡುತ್ತಿದ್ದವೇನೋ. ನಾನು ಹೊರಗಿನಿಂದ ಕಿಟಕಿಯ ಸರಳು ಹಿಡಿದೆ. ಕೊಡಬೇಡ, ಅಮ್ಮ. ಕೊಟ್ಟುಬಿಡು, ಅಮ್ಮ. ಎರಡೂ ಅನ್ನಿಸಿತು.

“ಅಜ್ಜಿ,” ಎಂದಳು ಬುಗುರಿ.

ಅಮ್ಮ ಚಾವಣಿಯನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

“ಅಜ್ಜೀ! ನೀರು!”

ಕೋಣೆಯಲ್ಲಿ ಕೆಲವು ಮಕ್ಕಳು ತಿರುಗಿ ನೋಡಿದರು. ಟೀಚರ್ ಕೂಡ. ಆದರೆ ಅವರು ಅಲ್ಲಾಡಲಿಲ್ಲ. ಬುಗುರಿ ಅಜ್ಜಿಯ ಮುಖವನ್ನೇ ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದಳು. ಆಮೇಲೆ ಸರಕ್ಕನೆ ತಿರುಗಿ, ಕೋಣೆ ದಾಟಿ, ಟೀಚರ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಟೀಚರ್, ನಮ್ಮಜ್ಜಿಗೆ ಕಿವಿ ಹೋಗಿದೆ. ನೀವೇ ಕೊಡಿ. ನಂಗೆ ನೀರು ಬೇಕು.”

ಟೀಚರ್ ಏನೂ ಆಗದವರಂತೆ ಲೋಟ ತೆಗೆದುಕೊಟ್ಟರು. ಬುಗುರಿ ಎರಡೂ ಕೈಯಲ್ಲಿ ಜಗ್ಗು ಎತ್ತಿ ಬಗ್ಗಿಸಿಕೊಂಡಳು. ಅರ್ಧ ಚೆಲ್ಲಿತು. ಉಳಿದರ್ಧ ಒಂದೇ ಉಸಿರಿಗೆ ಕುಡಿದು, “ಇನ್ನೂ ಬೇಕು” ಎಂದಳು. ಅಷ್ಟರಲ್ಲಿ ಲಾರಿ ಅಮ್ಮನ ಬಳಿ ಹೋಗಿ ಕಿವಿಗೆ ಬಾಯಿಟ್ಟು “ಅಜ್ಜೀ!” ಎಂದು ಕಿರುಚಿದಳು. ಮಾವ ಕಿರುಚಿದ. ಇಲಿಮರಿ ಎದುರಿನಿಂದ ಬಂದು ಕಿರುಚಿದ. ಅಮ್ಮ ಅಳುತ್ತಲೂ ನಗುತ್ತಲೂ ಇದ್ದಳು, ಕೈಗಳು ಮಾತ್ರ ಇನ್ನೂ ತೊಡೆಯ ಕೆಳಗೇ ಇದ್ದವು. ತೆಗೆಯಬಹುದು ಎಂದು ಯಾರಾದರೂ ಹೇಳಬೇಕಿತ್ತೇನೋ.

ದೊಡ್ಡವರ ಕೋಣೆಯಿಂದ ಗಲಾಟೆ ಕೇಳಿ ನನ್ನ ಹೆಂಡತಿ ಜಗುಲಿಗೆ ಓಡಿಬಂದಳು. ಒಳಗೆ ಕಾಲಿಡುವಂತಿಲ್ಲ. ನನ್ನ ಪಕ್ಕ ಕಿಟಕಿಗೆ ಮುಖ ಒತ್ತಿ ನಿಂತಳು.

“ಕೇಳಿದ್ಲಾ?” ಎಂದಳು.

“ಕೇಳಿದ್ಲು. ನಿಮ್ಮತ್ತೇನ ಕಿವುಡಿ ಮಾಡಿ ಕೇಳಿದ್ಲು.”

ಟೀಚರ್ ಆ ದಿನವೇ ಹೇಳಿದರು, ಮಗು ಬರುವ ಅವಧಿಗೂ ಬರಲಿ ಎಂದು. ಹೆಂಡತಿಯ ತರಬೇತಿ ಮುಂದುವರಿಯಿತು. ತಂಗಿಯ ಮನೆಯ ಸುದ್ದಿಯನ್ನು ಅಮ್ಮ ಮತ್ತೆ ಎತ್ತಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಅದೇ ಸಂಜೆ. ಬುಗುರಿಗೆ ಹೊಸ ಆಟ ಸಿಕ್ಕಿತ್ತು. ಯಾರು ಏನು ಕೇಳಿದರೂ ಸಿಗುತ್ತದೆ ಎಂಬ ವಿಷಯ ಅವಳಿಗೆ ಅಂದಷ್ಟೇ ತಿಳಿದದ್ದು. ನಮ್ಮನ್ನೆಲ್ಲ ಅಡುಗೆಮನೆಯ ಮೇಜಿಗೆ ಕೂರಿಸಿದಳು, ಅಜ್ಜಿಯನ್ನೂ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

“ಅಪ್ಪ, ನಿಂಗೇನು ಬೇಕು?”

“ಬ್ರೆಡ್ಡು.”

“ಅಮ್ಮ, ನಿಂಗೆ?”

“ಒಂದು ಮೊಟ್ಟೆ.”

“ಅಜ್ಜಿ, ನಿಂಗೇನು ಬೇಕು?”

“ನಂಗೇನೂ ಬೇಡ ಕಣೇ. ನೀವೆಲ್ಲ ತಗೊಳ್ಳಿ, ಉಳಿದ್ರೆ ನಾನು…”

“ಹಂಗನ್ಬಾರ್ದು. ಬಾಯಿ ಬಿಟ್ಟು ಹೇಳ್ಬೇಕು. ಟೀಚರ್ ಹೇಳಿದಾರೆ.”

ಅಮ್ಮ ನಮ್ಮೆಲ್ಲರ ಮುಖ ನೋಡಿದಳು. ಒಲೆಯ ಕಡೆ ನೋಡಿದಳು. ಮತ್ತೆ ನಮ್ಮ ಮುಖ. ಅದೇ ನೋಟ. ಬುಗುರಿ ಜಗ್ಗಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದ ನೋಟ. ಅಷ್ಟು ವರ್ಷ ಜೊತೆಗಿದ್ದೂ ಅವಳನ್ನು ಯಾರೂ ಈ ಮಾತು ಕೇಳಿರಲಿಲ್ಲ. ಕ್ಯಾಂಟೀನಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.

“ಅವಳಿಗೆ ಸಕ್ಕರೆ ಹಾಕದ…” ಎಂದು ನಾನು ಬಾಯಿ ಹಾಕಿದೆ.

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ಕೈ ಕೆಳಗಿಟ್ಕೊಳ್ರೀ. ಬಾಯೀನೂ.”

ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಹೆಂಡತಿಯೂ ಇಟ್ಟುಕೊಂಡಳು. ಬುಗುರಿ ನಮ್ಮನ್ನು ನೋಡಿ ತಾನೂ ನೆಲದ ಮೇಲೆ ಕೂತು ಇಟ್ಟುಕೊಂಡಳು. ಚಹಾ ಉಕ್ಕುವ ಹಾಗಿತ್ತು, ಯಾರೂ ಏಳಲಿಲ್ಲ.

“ಚಹಾ,” ಎಂದಳು ಅಮ್ಮ ಕೊನೆಗೆ, ಮೇಜಿನ ಮೇಲಿನ ಗೀರನ್ನು ಬೆರಳಲ್ಲಿ ಸವರುತ್ತಾ. ಆಮೇಲೆ ಇನ್ನೂ ಮೆಲ್ಲಗೆ, “ಬಿಸಿ ಇರುವಾಗ್ಲೇ. ಸಕ್ಕರೆ ಹಾಕಿ.”

“ಸಕ್ಕರೇನಾ?” ಎಂದೆ. “ನಿಂಗೆ ಆಗಲ್ಲ ಅಲ್ವಾ?”

“ಯಾರು ಹೇಳಿದ್ರು? ಕ್ಯಾಂಟೀನಲ್ಲಿ ಸಕ್ಕರೆ ಗಿರಾಕಿಗಳಿಗೆ. ನಮಗೆ ತಳದ್ದು. ಹಂಗೇ ಬಂದ್ಬಿಡ್ತು.”

ನಾನೇ ಎದ್ದೆ. ಚಹಾ ಸೋಸಿದೆ, ದೊಡ್ಡ ಲೋಟದಲ್ಲಿ. ಆಮೇಲೆ ಕಪಾಟಿನ ಮುಂದೆ ನಿಂತೆ. ಮೇಲಿನ ಹಲಗೆ ನೋಡಿದೆ, ಕೆಳಗಿನ ಹಲಗೆ ನೋಡಿದೆ. ನನ್ನ ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ತಿರುಗಿ ಅಮ್ಮನ ಮುಖ ನೋಡಿದೆ.

ಅಮ್ಮ ಚಾವಣಿ ನೋಡಿದಳು.